ಎರವಲು ಹೆಸರಿನ ಕವಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ನನಗೊಂದು ಕವನದ ಪುಸ್ತಕ ಸಿಕ್ಕಿತು. ಮೆತ್ತೆಯಿಟ್ಟು ಕಟ್ಟಿದ ಚರ್ಮದ ಹೊದಿಕೆ, ಹಾಳೆಗಳ ಅಂಚಿಗೆ ಚಿನ್ನದ ಮೆರುಗು, ಒಳಗೆ ನಿಟ್ಟುಸಿರುಬಿಡುವ ಸುಂದರಿಯರ ಚಿತ್ರಗಳು. ಅಮೆರಿಕದಲ್ಲಿ ಅಚ್ಚಾದದ್ದು. ಹೆಸರು ‘ಲೂಸೀಲ್’, ಬರೆದವನು ಓವೆನ್ ಮೆರೆಡಿತ್. ಮೊದಲ ಹಾಳೆಯಲ್ಲಿ ಯಾರೋ ಯಾರಿಗೋ ಹುಟ್ಟುಹಬ್ಬದ ಕಾಣಿಕೆಯೆಂದು ಬರೆದ ಸಾಲು ಶಾಯಿ ಮಾಸಿ ಉಳಿದಿತ್ತು. ಅಂಗಡಿಯವರು ಹೊದಿಕೆಯನ್ನು ನೋಡಿ ಬೆಲೆ ಹೇಳಿದರು. ನಾನೂ ಹೊದಿಕೆಯನ್ನು ನೋಡಿಯೇ ಕೊಂಡೆನೆಂದು ಒಪ್ಪಿಕೊಂಡುಬಿಡುತ್ತೇನೆ.

ಓವೆನ್ ಮೆರೆಡಿತ್ ಎಂಬ ಮನುಷ್ಯ ಇರಲೇ ಇಲ್ಲ. ಅದು ರಾಬರ್ಟ್ ಬುಲ್ವರ್ ಲಿಟನ್ ಎಂಬ ರಾಯಭಾರ ಇಲಾಖೆಯ ತರುಣನೊಬ್ಬ ತನ್ನ ಪದ್ಯಗಳಿಗಾಗಿ ಇಟ್ಟುಕೊಂಡ ಹೆಸರು. ಆ ತರುಣನೇ ಮುಂದೆ ಲಾರ್ಡ್ ಲಿಟನ್ ಆಗಿ 1876ರಿಂದ 1880ರವರೆಗೆ ಭಾರತದ ವೈಸರಾಯನಾಗಿದ್ದ. ನಮ್ಮ ಹಿರಿಯರು ‘ಧಾತು ಈಶ್ವರದ ಬರ’ ಎಂದು ಕರೆಯುತ್ತಿದ್ದ ಸಂವತ್ಸರಗಳೆರಡೂ ಈ ಕವಿಯ ಆಳಿಕೆಯಲ್ಲಿಯೇ ಬಂದುವು. ನಮ್ಮ ಅಜ್ಜಿ ಆ ಬರವನ್ನು ಕಂಡವರಲ್ಲ. ತಮ್ಮ ಅಜ್ಜಿಯಿಂದ ಕೇಳಿದವರು. ಎಲೆಯಲ್ಲಿ ಅನ್ನ ಬಿಟ್ಟು ಏಳುವ ಮಕ್ಕಳನ್ನು, “ಧಾತು ಈಶ್ವರ ಇನ್ನೊಂದು ಸಲ ಬರಲಿ, ಆಗ ತಿಳಿಯುತ್ತೆ” ಎಂದು ಗದರಿಸಿ ಕೂರಿಸುತ್ತಿದ್ದರು. ಆ ಗದರಿಕೆಯನ್ನು ಕೇಳಿ ಬೆಳೆದ ನನ್ನ ಕೈಗೆ ಈ ಚಿನ್ನದಂಚಿನ ಪುಸ್ತಕ ಬಂದಮೇಲೆ ಎರಡನ್ನೂ ಒಟ್ಟಿಗೆ ಓದದೆ ಇರಲಾಗಲಿಲ್ಲ.

ಲಿಟನ್ ಹುಟ್ಟಿದ್ದು 1831ರಲ್ಲಿ. ತಂದೆ ಎಡ್ವರ್ಡ್ ಬುಲ್ವರ್ ಲಿಟನ್, ‘ಪಾಂಪೆಯ ಕೊನೆಯ ದಿನಗಳು’ ಕಾದಂಬರಿಯಿಂದ ಇಂಗ್ಲೆಂಡಿನ ಮನೆಮಾತಾಗಿದ್ದವನು. ತಾಯಿ ರೊಸೀನಾ ಕೂಡ ಕಾದಂಬರಿಗಾರ್ತಿ. ಗಂಡಹೆಂಡಿರು ಬೇರೆಯಾದಮೇಲೆ ಆಕೆ ಗಂಡನನ್ನೇ ಖಳನನ್ನಾಗಿ ಮಾಡಿ ಕಥೆ ಬರೆದಳು. 1858ರಲ್ಲಿ ಅವನ ಚುನಾವಣೆಯ ಸಭೆಗೆ ನುಗ್ಗಿ ಎಲ್ಲರೆದುರಿಗೆ ಬೈದಳು. ಅವನು ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ. ಪತ್ರಿಕೆಗಳು ಗುಲ್ಲೆಬ್ಬಿಸಿದ್ದರಿಂದ ಕೆಲವೇ ವಾರಗಳಲ್ಲಿ ಬಿಡಬೇಕಾಯಿತು. ಬಿಡುಗಡೆಯಾದ ತಾಯಿಯನ್ನು ಕರೆದುಕೊಂಡು ಫ್ರಾನ್ಸಿಗೆ ಹೊರಟವನು ಮಗ ರಾಬರ್ಟ್. ರಾಯಭಾರದ ಮೊದಲ ಪಾಠಗಳನ್ನು ಅವನು ಕಲಿತದ್ದು ಮನೆಯಲ್ಲಿಯೇ ಇರಬೇಕು.

ಹದಿನೆಂಟು ತುಂಬುವ ಮೊದಲೇ, 1849ರಲ್ಲಿ, ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿದ್ದ ದೊಡ್ಡಪ್ಪನ ಕೈಕೆಳಗೆ ಸಂಬಳವಿಲ್ಲದ ಸಹಾಯಕನಾಗಿ ಸೇರಿದ. ಅಲ್ಲಿಂದ ಫ್ಲಾರೆನ್ಸ್, ಪ್ಯಾರಿಸ್, ಹೇಗ್, ಪೀಟರ್ಸ್‌ಬರ್ಗ್, ವಿಯೆನ್ನಾ, ಬೆಲ್‌ಗ್ರೇಡ್, ಅಥೆನ್ಸ್, ಲಿಸ್ಬನ್, ಮ್ಯಾಡ್ರಿಡ್. ಇಪ್ಪತ್ತೈದು ವರ್ಷ ಕಳೆದು 1874ರಲ್ಲಿ ಲಿಸ್ಬನ್ನಿನಲ್ಲಿ ಅವನೇ ಮುಖ್ಯ ಪ್ರತಿನಿಧಿಯಾದ. ಯೂರೋಪಿನ ಅರ್ಧ ರಾಜಧಾನಿಗಳ ಊಟದ ಮೇಜುಗಳು ಅವನಿಗೆ ಗೊತ್ತಿದ್ದುವು. ಫ್ಲಾರೆನ್ಸಿನಲ್ಲಿ ಬ್ರೌನಿಂಗ್ ದಂಪತಿಗಳ ಸ್ನೇಹ ದೊರೆಯಿತು. 1875ರಲ್ಲಿ ಮದರಾಸಿನ ಗವರ್ನರ್ ಹುದ್ದೆ ಅರಸಿಕೊಂಡು ಬಂದಾಗ ಬೇಡವೆಂದ. ವರ್ಷ ಮುಗಿಯುವುದರೊಳಗೆ ಡಿಸ್ರೇಲಿ ಇಡೀ ಭಾರತವನ್ನೇ ನೀಡಿದಾಗ ಒಪ್ಪಿಕೊಂಡ. ಈ ದೇಶವನ್ನು ಅವನು ಅದುವರೆಗೆ ಒಂದು ಸಲವಾದರೂ ನೋಡಿದವನಲ್ಲ. ಡಿಸ್ರೇಲಿಯೂ ಕಾದಂಬರಿಕಾರನೇ ಎಂಬುದನ್ನು ಓದುಗರು ನೆನೆಯಬಹುದು.

ಇನ್ನು ಕಾವ್ಯ. ‘ಲೂಸೀಲ್’ 1860ರಲ್ಲಿ ಬಂದ ಪದ್ಯಕಾದಂಬರಿ. ಪಿರೆನೀಸ್ ಬೆಟ್ಟಗಳ ಸ್ನಾನದ ಊರುಗಳಲ್ಲಿ ಒಬ್ಬ ಇಂಗ್ಲಿಷ್ ಲಾರ್ಡ್, ಒಬ್ಬ ಫ್ರೆಂಚ್ ಡ್ಯೂಕ್, ಇಬ್ಬರೂ ಬಯಸುವ ಲೂಸೀಲ್. ಕೊನೆಗೆ ಕ್ರಿಮಿಯಾ ಯುದ್ಧದ ಡೇರೆಗಳಲ್ಲಿ ಸಂನ್ಯಾಸಿನಿಯಾಗಿ ಗಾಯಾಳುಗಳ ಶುಶ್ರೂಷೆಗೆ ನಿಂತ ಅದೇ ಲೂಸೀಲ್. ಅಮೆರಿಕದ ಪ್ರಕಾಶಕರು ಇದನ್ನು ಎಷ್ಟು ಸಲ ಅಚ್ಚು ಹಾಕಿದರೆಂಬುದಕ್ಕೆ ಲೆಕ್ಕ ಸಿಕ್ಕುವುದು ಕಷ್ಟ. ನೂರಾರು ಆವೃತ್ತಿಗಳು ಬಂದುವು. ಮದುವೆಗೆ, ಹುಟ್ಟುಹಬ್ಬಕ್ಕೆ ಕೊಡಲು ತಕ್ಕ ಪುಸ್ತಕ.

ಓದಿದರೆ ಅದಕ್ಕೆ ಕಾರಣ ತಿಳಿಯುತ್ತದೆ. ಪದ್ಯ ಎಲ್ಲಿಯೂ ತಡವರಿಸುವುದಿಲ್ಲ. ಒಂದೇ ಸಮನೆ ಕುದುರೆಯೋಟದಲ್ಲಿ ನೂರಾರು ಪುಟ ಓಡುತ್ತದೆ. ನಮ್ಮ ರಗಳೆಯೂ ಓಡುವ ಛಂದಸ್ಸೇ. ಆದರೆ ಹರಿಹರನ ರಗಳೆಯನ್ನು ಹಿಂದಿನಿಂದ ಒಂದು ಭಕ್ತಿಯ ಬಿರುಗಾಳಿ ನೂಕುತ್ತಿರುತ್ತದೆ. ಇಲ್ಲಿ ನೂಕುತ್ತಿರುವುದು ಬರಿಯ ಸಲೀಸು. ಪ್ರಾಸ ಸುಲಭವಾಗಿ ಸಿಕ್ಕಿತೆಂದು ಭಾವವೂ ಸುಲಭವಾಗುತ್ತದೆ. ನಡುನಡುವೆ ಚುರುಕಾದ ಮಾತುಗಳಿಲ್ಲದೆ ಇಲ್ಲ. ನಾಗರಿಕ ಮನುಷ್ಯ ಮತ್ತೆಲ್ಲವನ್ನೂ ಬಿಟ್ಟಾನು, ಒಳ್ಳೆಯ ಊಟವನ್ನು ಬಿಡಲಾರ ಎಂಬ ಅರ್ಥದ ವಿನೋದದ ಸಾಲುಗಳು ಇಂಗ್ಲಿಷ್ ಬಲ್ಲವರ ಬಾಯಲ್ಲಿ ಬಹುಕಾಲ ಆಡುತ್ತಿದ್ದುವು. ಈ ಸಾಲುಗಳ ಪಕ್ಕಕ್ಕೆ ಧಾತು ಈಶ್ವರದ ಬರವನ್ನಿಟ್ಟು ಕವಿಯನ್ನು ಅಪರಾಧಿಯೆಂದು ಸಾರುವುದು ತೀರ ಸುಲಭ. ಮೊದಲ ಓದಿನಲ್ಲಿ ನಾನೂ ಹಾಗೆಯೇ ಮಾಡಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಕಟುವಾದ ಮಾತು ಬರೆದೆ. ಆಮೇಲೆ ಅಳಿಸಿದೆ. ಇಪ್ಪತ್ತೆಂಟರ ಹರೆಯದಲ್ಲಿ ಆಡಿದ ತಮಾಷೆಗೆ ಹದಿನಾರು ವರ್ಷಗಳ ನಂತರದ ಬರವನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಹೆಚ್ಚಿನ ದೋಷ ಬೇರೆ ಕಡೆ ಇದೆ. ‘ಲೂಸೀಲ್’ ಕಥೆಯ ಮೊದಲ ಭಾಗ ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್ ಬರೆದ ‘ಲವೀನಿಯಾ’ ಕಥೆಯಿಂದ ಬಂದುದು. ಮರುವರ್ಷ, 1861ರಲ್ಲಿ, ಲಿಟನ್ ಸರ್ಬಿಯಾದ ಜನಪದ ಗೀತಗಳ ಪುಸ್ತಕವೊಂದನ್ನು ಹೊರತಂದ. ಅವನಿಗೆ ಸರ್ಬಿಯನ್ ಭಾಷೆ ಬಾರದು; ಗೀತಗಳನ್ನು ತೆಗೆದುಕೊಂಡದ್ದು ದೊಜೋನ್ ಎಂಬ ಫ್ರೆಂಚನ ಗದ್ಯಾನುವಾದದಿಂದ. ಪೂರ್ವದೇಶಗಳ ಭಾಷೆಗಳನ್ನು ಬಲ್ಲ ಲಾರ್ಡ್ ಸ್ಟ್ರಾಂಗ್‌ಫರ್ಡ್ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದ. ಇತರರಿಂದ ತೆಗೆದುಕೊಳ್ಳುವುದು ಕವಿಗೆ ಅವಮಾನವೆಂದು ನಾವು ಕನ್ನಡಿಗರಂತೂ ಹೇಳಲಾರೆವು. ಬಿ. ಎಂ. ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಹೆಸರಿನಲ್ಲಿಯೇ ತನ್ನ ಸಾಲವನ್ನು ಸಾರಿ ಹೇಳುತ್ತದೆ. ಹೇಳಿಯೂ ಅದು ನಮ್ಮದಾಗಿದೆ, ಏಕೆಂದರೆ ತೆಗೆದುಕೊಂಡ ಪದ್ಯ ಶ್ರೀಯವರ ಮೈಯಲ್ಲಿ ಒಮ್ಮೆ ಹೊಕ್ಕು ಹೊರಬಂದಿದೆ. ಲಿಟನ್ನನ ಪದ್ಯ ಹೊಕ್ಕುದೇ ಇಲ್ಲ, ಮೇಲೆ ಜಾರಿಹೋಗಿದೆ. ಬೆಲ್‌ಗ್ರೇಡಿನಲ್ಲಿ ಕೆಲಸ ಮಾಡಿದವನು ಬೆಲ್‌ಗ್ರೇಡಿನ ಹಾಡನ್ನು ಫ್ರೆಂಚಿನ ಮೂಲಕ ಕೇಳಿದನಲ್ಲ, ಅದು ನನ್ನ ಮನಸ್ಸಿಗೆ ಚುಚ್ಚುವ ಸಂಗತಿ. ಹಾಡುವವರು ಬೀದಿಯಾಚೆಗೇ ಇದ್ದರು.

ಅವನ ನಿಜವಾದ ಸಾಹಿತ್ಯ ಅವನ ಕಾಗದಗಳು. ಮಗಳು ಬೆಟ್ಟಿ ಬಾಲ್ಫರ್ 1906ರಲ್ಲಿ ಎರಡು ಸಂಪುಟಗಳಲ್ಲಿ ಅವನ್ನು ಅಚ್ಚುಮಾಡಿಸಿದಳು. ಜಾನ್ ಮಾರ್ಲೆ, ಫಿಟ್ಸ್‌ಜೇಮ್ಸ್ ಸ್ಟೀಫನ್ ಮೊದಲಾದ ಗೆಳೆಯರಿಗೆ, ಹೆಂಡತಿ ಈಡಿತ್‌ಗೆ ಬರೆದ ಕಾಗದಗಳಲ್ಲಿ ಪದ್ಯದ ಶೃಂಗಾರವಿಲ್ಲ. ಕಣ್ಣು ಚುರುಕು, ನಗೆ ಹರಿತ, ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಧಾರಾಳವಿದೆ. ಊಟದ ನಡುವೆ ಸಿಗರೇಟು ಸೇದಿ ಕಲ್ಕತ್ತೆಯ ಬಿಳಿಯ ದೊರೆಸಾನಿಯರನ್ನು ಬೆಚ್ಚಿಬೀಳಿಸಿದ ವೈಸರಾಯ್ ಈತ. ಇಂಥವನೊಡನೆ ಒಂದು ಸಂಜೆ ಕಳೆಯಲು ಯಾರಾದರೂ ಇಷ್ಟಪಟ್ಟಾರು. ಆ ಕಾಗದಗಳನ್ನು ಓದುತ್ತ ನಾನೂ ಅವನ ಮೋಡಿಗೆ ಸಿಕ್ಕಿಕೊಂಡೆ. ಸಿಕ್ಕಿಕೊಂಡಿರುವಾಗಲೇ ಕಾಲಿಗೆ ಮುಳ್ಳು ತಗುಲಿತು. ಆ ಮುಳ್ಳಿನ ಮಾತಿಗೆ ಬರುವ ಮೊದಲು ಎರಡು ಪ್ರಸಂಗಗಳನ್ನು ಹೇಳಬೇಕು.

ಒಂದು, ದೆಹಲಿಯದು. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿಯಾದಳೆಂದು ಸಾರಲು 1877ರ ಜನವರಿ 1ರಂದು ಅಲ್ಲಿ ದರ್ಬಾರು ನಡೆಯಿತು. ಅರುವತ್ತಕ್ಕೂ ಹೆಚ್ಚು ರಾಜರು ಬಂದಿದ್ದರು. ನಮ್ಮ ಚಾಮರಾಜೇಂದ್ರ ಒಡೆಯರೂ ಹೋಗಿದ್ದರು. ಆಗ ಅವರಿಗೆ ಹದಿನಾಲ್ಕು ತುಂಬಿರಲಿಲ್ಲ. ಇದರ ಏರ್ಪಾಡಿನಲ್ಲಿ ಲಿಟನ್ ಒಬ್ಬ ನಾಟಕಕಾರನಂತೆ ಮುಳುಗಿಹೋದ. ಪೂರ್ವಕ್ಕೆ ಹೋದಷ್ಟೂ ಬಾವುಟದ ಬಟ್ಟೆಗೆ ಬೆಲೆ ಹೆಚ್ಚು ಎಂಬ ಅರ್ಥದಲ್ಲಿ ಒಂದು ಕಾಗದ ಬರೆದ. ಒಬ್ಬೊಬ್ಬ ರಾಜನಿಗೂ ಯೂರೋಪಿನ ರೀತಿಯ ಲಾಂಛನ ಹೆಣೆದ ರೇಷ್ಮೆಯ ಬಾವುಟ. ಲಾಂಛನಗಳನ್ನು ರೂಪಿಸಿದವನು ರಾಬರ್ಟ್ ಟೇಲರ್ ಎಂಬ ಬಂಗಾಳದ ಸಿವಿಲ್ ಅಧಿಕಾರಿ. ಬಾವುಟಗಳು ಎತ್ತಲಾರದಷ್ಟು ಭಾರವಾಗಿದ್ದುವು. ಸಮಾರಂಭದ ಚಿತ್ರ ಬರೆಯಲು ಬಂದ ವ್ಯಾಲ್ ಪ್ರಿನ್ಸೆಪ್ ಅಲ್ಲಿನ ಬಣ್ಣಬೆಡಗನ್ನು ಕಂಡು ಇದನ್ನೆಲ್ಲ ಬರೆಯಬೇಕೇ ಎಂದು ಗಾಬರಿಗೊಂಡ. ‘ಲೂಸೀಲ್’ ಪುಸ್ತಕದ ಹೊದಿಕೆ ನನಗೆ ಇಲ್ಲಿ ನೆನಪಾಗುತ್ತದೆ.

ಎರಡನೆಯದು ಇದಕ್ಕೆ ವಿರುದ್ಧವಾದದ್ದು, ಲಿಟನ್ನನಿಗೆ ಕೀರ್ತಿ ತರುವಂಥದು. ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ಗಾಡಿ ತರಲು ತಡಮಾಡಿದನೆಂದು ತನ್ನ ಕುದುರೆಯಾಳನ್ನು ಹೊಡೆದ. ಆಳು ಬಿದ್ದು ಸತ್ತ. ಮ್ಯಾಜಿಸ್ಟ್ರೇಟ್ ವಿಧಿಸಿದ ದಂಡ 30 ರೂಪಾಯಿ. ಮೇಲಿನ ನ್ಯಾಯಾಲಯವೂ ಇದರಲ್ಲಿ ಕೈಹಾಕಲು ಒಪ್ಪಲಿಲ್ಲ. ಬಂದು ಮೂರು ತಿಂಗಳಾಗಿದ್ದ ವೈಸರಾಯ್ ಕಡತವನ್ನು ಓದಿ ಕೆಂಡವಾದ. 1876ರ ಜುಲೈಯಲ್ಲಿ ಮ್ಯಾಜಿಸ್ಟ್ರೇಟನನ್ನೂ ಹೈಕೋರ್ಟನ್ನೂ ಬಹಿರಂಗವಾಗಿ ಖಂಡಿಸಿ ಟಿಪ್ಪಣಿ ಬರೆದ. ಬಿಳಿಯರ ಪತ್ರಿಕೆಗಳೆಲ್ಲ ಅವನ ಮೇಲೆ ಮುಗಿಬಿದ್ದುವು, ಅವನು ಜಗ್ಗಲಿಲ್ಲ. ಹೃದಯವಿಲ್ಲದವನು ಮಾಡುವ ಕೆಲಸವಲ್ಲ ಇದು. ಲಿಟನ್ನನನ್ನು ಬರಿಯ ಕಟುಕನೆಂದು ಬರೆಯುವವರು ಈ ಟಿಪ್ಪಣಿಯನ್ನು ದಾಟಿ ಹೋಗುತ್ತಾರೆ. ನಾನು ಇಲ್ಲಿ ನಿಲ್ಲಬೇಕಾಗಿದೆ, ಏಕೆಂದರೆ ಇಲ್ಲಿ ನಿಂತರೇನೇ ಮುಂದಿನದು ಅರ್ಥವಾಗುವುದು.

1876ರಲ್ಲಿ ಮಳೆ ಕೈಕೊಟ್ಟಿತು. ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ, ಮದರಾಸಿನ ಜಿಲ್ಲೆಗಳು ಒಣಗಿಹೋದುವು. ಮರುವರ್ಷವೂ ಮಳೆ ಸರಿಯಾಗಿ ಬರಲಿಲ್ಲ. ಧಾನ್ಯದ ವ್ಯಾಪಾರಕ್ಕೆ ಸರಕಾರ ಕೈಹಾಕಬಾರದು, ಖರ್ಚು ಹಿಡಿತದಲ್ಲಿರಬೇಕು ಎಂಬುದು ಲಿಟನ್ನನ ಧೋರಣೆ. ಮದರಾಸು ಸರಕಾರ ಧಾರಾಳವಾಗಿ ಖರ್ಚು ಮಾಡುತ್ತಿದೆಯೆಂದು ಅದನ್ನು ಬಿಗಿಮಾಡಲು ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಟೆಂಪಲ್ ಕೂಲಿಯನ್ನು ಇಳಿಸಿದ: ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಚಿಲ್ಲರೆ ಕಾಸು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅದನ್ನು ತಿಂದು ದಿನವೆಲ್ಲ ಮಣ್ಣು ಅಗೆಯಬೇಕು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದರಿಂದ ಜೀವ ನಿಲ್ಲದೆಂದು ಪಟ್ಟುಹಿಡಿದು ವಾದಿಸಿದ. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಆ ಕೆಲವು ತಿಂಗಳು ಏನಾಯಿತೆಂಬುದನ್ನು ‘ಮದ್ರಾಸ್ ಟೈಮ್ಸ್’ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದಿಟ್ಟಿದ್ದಾನೆ. ಗಟ್ಟಿ ಮನಸ್ಸಿನವರು ಓದಬಹುದು.

1877ರ ಆಗಸ್ಟಿನ ಕೊನೆಗೆ ಲಿಟನ್ ತಾನೇ ಸಿಮ್ಲಾದಿಂದ ದಕ್ಷಿಣಕ್ಕೆ ಬಂದ. ಮದರಾಸಿನ ಪರಿಹಾರ ಶಿಬಿರವೊಂದನ್ನು ನೋಡಿ ಹೆಂಡತಿಗೆ ಕಾಗದ ಬರೆದ. ಈ ಶಿಬಿರಗಳು ಜನಪ್ರಿಯ ವನಭೋಜನಗಳಂತಿವೆ, ಅಲ್ಲಿನವರು ಯಾವ ಕೆಲಸವನ್ನೂ ಮಾಡದೆ ಕೊಬ್ಬಿ ಸುಖವಾಗಿದ್ದಾರೆ ಎಂಬುದು ಅದರ ಸಾರಾಂಶ. ನಾನು ಹೇಳಿದ ಮುಳ್ಳು ಇದೇ.

ಈ ಕಾಗದವನ್ನು ಬರೆದವನೂ ಆಗ್ರಾದ ಟಿಪ್ಪಣಿಯನ್ನು ಬರೆದವನೂ ಒಬ್ಬನೇ. ನನಗೆ ತೋರುವುದಿಷ್ಟು. ಆಗ್ರಾದ ಪ್ರಕರಣ ಅವನ ಮುಂದೆ ಬಂದದ್ದು ಕಥೆಯಾಗಿ: ಒಬ್ಬ ಯಜಮಾನ, ಒಬ್ಬ ಆಳು, ಒಂದು ಏಟು, ಒಂದು ಸಾವು, ನಾಚಿಕೆಗೆಟ್ಟ ಒಂದು ತೀರ್ಪು. ಅದಕ್ಕೆ ಆರಂಭವಿತ್ತು, ಅಂತ್ಯವಿತ್ತು, ಪಾತ್ರಗಳಿದ್ದುವು. ಯಾರೋ ಆಗಲೇ ಬರೆದಿಟ್ಟಿದ್ದರು. ಫ್ರೆಂಚ್ ಕಥೆಯನ್ನು ಎತ್ತಿಕೊಂಡಂತೆ, ದೊಜೋನನ ಗದ್ಯವನ್ನು ಎತ್ತಿಕೊಂಡಂತೆ ಅವನ ಭಾವ ಅದನ್ನು ತಟ್ಟನೆ ಎತ್ತಿಕೊಂಡಿತು. ಬರ ಹಾಗೆ ಬರೆದುಕೊಂಡು ಬರುವುದಿಲ್ಲ. ಬೆಂಗಳೂರಿನ ಗಂಜಿಕೇಂದ್ರದ ಮುಂದೆ ಕುಳಿತಿದ್ದ ಸಾವಿರ ಜನಕ್ಕೆ ಅವನು ಓದಿದ ಯಾವ ಪುಸ್ತಕದಲ್ಲಿಯೂ ಪಾತ್ರವಿರಲಿಲ್ಲ. ಅವರನ್ನು ಅವನು ಸ್ವಂತ ಕಣ್ಣಿನಿಂದಲೇ ನೋಡಬೇಕಾಗಿತ್ತು. ಕಣ್ಣೇನೋ ಇತ್ತು, ಎಂಥ ಚುರುಕಾದ ಕಣ್ಣು! ಆದರೆ ಆ ಹೊತ್ತಿಗೆ ಕೈಗೆ ಸಿಕ್ಕಿದ ಹೋಲಿಕೆ ಯೂರೋಪಿನ ವನಭೋಜನದ್ದು. ಹಿಡಿಯೊಳಗೆ ಹಿಡಿಸಿದಂತೆ ಅದು ಕಾಗದದಲ್ಲಿ ಕುಳಿತಿತು.

ಮದರಾಸಿನಿಂದ ಅವನು ಸೆಪ್ಟೆಂಬರಿನಲ್ಲಿ ಬೆಂಗಳೂರಿಗೂ ಮೈಸೂರಿಗೂ ಬಂದ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅಲ್ಲಿನ ಪರಿಹಾರದ ಏರ್ಪಾಡು ಸಡಿಲವಾಗಿದೆಯೆಂದು ಆಕ್ಷೇಪಿಸಿ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯನ್ನು ಕ್ಷಾಮದ ಕಮಿಷನರನಾಗಿ ನೇಮಿಸಿದ. ಗಂಜಿಕೇಂದ್ರಗಳಲ್ಲಿದ್ದ ಶಕ್ತರನ್ನು ದೊಡ್ಡ ಕಾಮಗಾರಿಗಳಿಗೆ ಸಾಗಿಸತೊಡಗಿದರು. ಅವನ ಆಕ್ಷೇಪಣೆಯಲ್ಲಿ ಹುರುಳೇ ಇರಲಿಲ್ಲವೆನ್ನಲಾರೆ. ಅದುವರೆಗಿನ ಏರ್ಪಾಡು ನಿಜವಾಗಿಯೂ ಕೆಟ್ಟಿತ್ತು. ಬರ ಮುಗಿದಮೇಲೆ ಅವನೇ ನೇಮಿಸಿದ ಆಯೋಗದ 1880ರ ವರದಿಯಿಂದ ಮುಂದಿನ ಕ್ಷಾಮ ನಿಯಮಾವಳಿಗಳು ಹುಟ್ಟಿದುವೆಂಬುದನ್ನೂ ಅವನ ಲೆಕ್ಕಕ್ಕೆ ಜಮೆಮಾಡಬೇಕು. ಖರ್ಚಿನ ಕಡೆಗೆ ಎರಡು ಜನಗಣತಿಗಳನ್ನು ಬರೆದರೆ ಸಾಕು. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ.

ಉಳಿದದ್ದು ಪಠ್ಯಪುಸ್ತಕಗಳಲ್ಲಿದೆ. 1878ರ ಮಾರ್ಚಿನಲ್ಲಿ ಒಂದೇ ದಿನದ ಸಭೆಯಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ ಕಾನೂನು. ಅದೇ ವರ್ಷದ ಕೊನೆಗೆ ಆಫ್ಘನ್ ಯುದ್ಧ. 1879ರ ಸೆಪ್ಟೆಂಬರಿನಲ್ಲಿ ಕಾಬೂಲಿನಲ್ಲಿ ಕವಾನ್ಯಾರಿಯ ಕೊಲೆ. ಒಂದು ಸಣ್ಣ ಸಂಗತಿಯನ್ನು ಮಾತ್ರ ವಿಮರ್ಶಕನಾಗಿ ಬಿಡಲಾರೆ. 1878ರ ಒಂದು ಗುಟ್ಟಿನ ಟಿಪ್ಪಣಿಯಲ್ಲಿ, ಭಾರತೀಯರಿಗೆ ದೊಡ್ಡ ಹುದ್ದೆಗಳನ್ನು ಕೊಡುತ್ತೇವೆಂದು ಕೊಟ್ಟ ಮಾತನ್ನು ಬ್ರಿಟಿಷರು ಕೈಲಾದ ಮಟ್ಟಿಗೆ ಮುರಿದಿದ್ದಾರೆಂದು ಲಿಟನ್ ಒಪ್ಪಿಕೊಂಡ. ಬೇರಾವ ವೈಸರಾಯನ ಕಡತದಲ್ಲಿಯೂ ಇಷ್ಟು ಬಿಚ್ಚಿ ಹೇಳಿದ್ದನ್ನು ನಾನು ಓದಿಲ್ಲ. ಆದರೆ ಅದನ್ನು ಹೇಳಲು ಅವನು ಬಳಸಿದ ಮಾತು ಮ್ಯಾಕ್‌ಬೆತ್ ನಾಟಕದ್ದು, ಮಾಟಗಾತಿಯರ ಭರವಸೆ ಕಿವಿಗೆ ಇಂಪು, ಎದೆಗೆ ಮೋಸ ಎಂದು ಮ್ಯಾಕ್‌ಬೆತ್ ಗೋಳಾಡುವ ಮಾತು. ತಪ್ಪೊಪ್ಪಿಗೆಗೂ ಶೇಕ್ಸ್‌ಪಿಯರನನ್ನು ಕರೆತಂದ!

1880ರಲ್ಲಿ ಗ್ಲ್ಯಾಡ್‌ಸ್ಟನ್ ಗೆದ್ದುದರಿಂದ ರಾಜೀನಾಮೆ ಕೊಟ್ಟು, ಅರ್ಲ್ ಪದವಿಯೊಡನೆ ಇಂಗ್ಲೆಂಡಿಗೆ ಹಿಂದಿರುಗಿದ. ಅದೇ ವರ್ಷ ಸ್ವಿನ್‌ಬರ್ನ್ ಸಮಕಾಲೀನ ಕವಿಗಳನ್ನು ಅಣಕಿಸುವ ಪುಸ್ತಕವೊಂದನ್ನು ತಂದು, ಓವೆನ್ ಮೆರೆಡಿತನನ್ನು ಏಳನೆಯ ದರ್ಜೆಯ ಕವಿಯ ಪಟ್ಟಕ್ಕೆ ಏರಿಸಿದ. ಲಿಟನ್ ಬರೆಯುವುದನ್ನು ಬಿಡಲಿಲ್ಲ. 1887ರಿಂದ ಪ್ಯಾರಿಸಿನಲ್ಲಿ ರಾಯಭಾರಿಯಾಗಿ, ಆ ಊರಿನವರಿಗೆ ಬಹಳ ಬೇಕಾದವನಾಗಿದ್ದು, 1891ರಲ್ಲಿ ಅಲ್ಲಿಯೇ ತೀರಿಕೊಂಡ. ಆಸ್ಕರ್ ವೈಲ್ಡ್ ತನ್ನ ‘ಲೇಡಿ ವಿಂಡರ್‌ಮಿಯರಳ ಬೀಸಣಿಗೆ’ ನಾಟಕವನ್ನು ಅಚ್ಚುಮಾಡಿಸಿದಾಗ ಅವನ ನೆನಪಿಗೆ ಅರ್ಪಿಸಿದ.

ಲಿಟನ್ನನ ಮಕ್ಕಳಲ್ಲಿ ಕಾನ್‌ಸ್ಟನ್ಸ್ ಎಂಬಾಕೆ ಒಬ್ಬಳು. ಹುಟ್ಟಿದ್ದು 1869ರಲ್ಲಿ, ವಿಯೆನ್ನಾದಲ್ಲಿ. ತಂದೆ ವೈಸರಾಯನಾಗಿದ್ದಾಗ ಇಲ್ಲಿಯೇ ಬೆಳೆದ ಹುಡುಗಿ. ಹೆಂಗಸರಿಗೆ ಮತದ ಹಕ್ಕು ಬೇಕೆಂಬ ಚಳವಳಿಗೆ ಸೇರಿ 1909ರಲ್ಲಿ ಜೈಲಿಗೆ ಹೋದಳು. ಉಪವಾಸ ಹಿಡಿದಾಗ, ಈಕೆ ಲಾರ್ಡ್ ಲಿಟನ್ನನ ಮಗಳೆಂದು ಗೊತ್ತಿದ್ದ ಅಧಿಕಾರಿಗಳು ಹೃದಯವನ್ನು ಪರೀಕ್ಷಿಸಿ, ದುರ್ಬಲವಾಗಿದೆಯೆಂದು ಬಿಟ್ಟು ಕಳಿಸಿದರು. ಹೆಸರಿಲ್ಲದವರಿಗೆ ಏನು ಮಾಡುತ್ತಾರೆ ನೋಡಬೇಕೆಂದು ಆಕೆ ಕೂದಲು ಕತ್ತರಿಸಿ, ಅಗ್ಗದ ಉಡುಪು ತೊಟ್ಟು, ಜೇನ್ ವಾರ್ಟನ್ ಎಂಬ ದರ್ಜಿ ಹೆಂಗಸಾಗಿ 1910ರ ಜನವರಿಯಲ್ಲಿ ಲಿವರ್‌ಪೂಲಿನ ಜೈಲು ಸೇರಿದಳು. ಅಲ್ಲಿ ಯಾರೂ ಹೃದಯವನ್ನು ಪರೀಕ್ಷಿಸಲಿಲ್ಲ. ಗಂಟಲಿಗೆ ಕೊಳವೆ ತುರುಕಿ ಎಂಟು ಸಲ ಬಲವಂತವಾಗಿ ಉಣ್ಣಿಸಿದರು. 1912ರಲ್ಲಿ ಪಾರ್ಶ್ವವಾಯು ಬಡಿದು ಆಕೆಯ ಬಲಗೈ ಬಿದ್ದುಹೋಯಿತು. ಜೈಲಿನಲ್ಲಿ ಕಂಡದ್ದನ್ನು ಎಡಗೈಯಿಂದ ಬರೆದು 1914ರಲ್ಲಿ ಪ್ರಕಟಿಸಿದಳು. ಮುಖಪುಟದಲ್ಲಿ ಎರಡು ಹೆಸರುಗಳಿದ್ದುವು: ಕಾನ್‌ಸ್ಟನ್ಸ್ ಲಿಟನ್, ಜೇನ್ ವಾರ್ಟನ್.